ಕಣ್ಣು ಮಿಟುಕಿಸಿದ ಲೆನ್ಸು

ಕ್ಯಾಮೆರಾ ಕೈಗೆ ಸಿಕ್ಕರೆ ಎಲ್ಲರೂ ಅದರ ಹಿಂದೆ ಹೋಗಿ ನಿಲ್ಲುತ್ತಾರೆ. ನನಗೆ ಮಾತ್ರ ಮುಂದೆ ಬಂದು ಲೆನ್ಸಿನೊಳಗೆ ಇಣುಕುವ ಚಟ. ಭಾಲ್ಕಿಯಲ್ಲಿ ಬಹಳ ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಲೆನ್ಸಿನ ದೂಳು ಒರೆಸಿ, ಒಳಗೆ ಬೂಸ್ಟು ಹಿಡಿದಿದೆಯೋ ಎಂದು ಇಣುಕುವುದು ನನ್ನ ಮೊದಲ ಕೆಲಸವಾಗಿತ್ತು. ಅಂಗಡಿ ಹೋಯಿತು, ಬಟ್ಟೆ ಹರಿಯಿತು, ಇಣುಕುವುದು ಉಳಿಯಿತು. ಹಾಗೆ ಇಣುಕುತ್ತಿದ್ದಾಗಲೇ ಮೊನ್ನೆ ಒಂದು ಭಾನುವಾರ ಮಧ್ಯಾಹ್ನ, ನನ್ನ ಮೊಮ್ಮಗಳು ಎಸ್ತೇರಳ ಕ್ಯಾಮೆರಾದ ಲೆನ್ಸು ನನ್ನ ಮುಖ ನೋಡಿ ಕಣ್ಣು ಮಿಟುಕಿಸಿತು.

ನೀವು ನಗಬೇಡಿ. ವಯಸ್ಸಾಗಿದೆ ನಿಜ, ಆದರೆ ಅಷ್ಟೊಂದು ಆಗಿಲ್ಲ. ಲೆನ್ಸಿನ ಹೊಟ್ಟೆಯಲ್ಲಿ ಕಪ್ಪು ತಗಡಿನ ತೆಳ್ಳನೆಯ ಎಸಳುಗಳಿರುತ್ತವೆ. ಅವು ಒಂದರ ಮೇಲೊಂದು ಸರಿದು ನಡುವಿನ ತೂತನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಅದಕ್ಕೆ ಈಗಿನವರು ಅಪರ್ಚರ್ ಎನ್ನುತ್ತಾರೆ. ನನಗೆ ಕೆಲಸ ಕಲಿಸಿದ ಬೀದರಿನ ಉಸ್ತಾದರು ಪುತಲಿ ಎನ್ನುತ್ತಿದ್ದರು. ಕಣ್ಣಿನ ಪಾಪೆಗೆ ಉರ್ದುವಿನಲ್ಲಿರುವ ಮಾತು ಅದು. ನಮ್ಮ ಕಾಲದ ಪುತಲಿ ಬಲು ವಿಧೇಯ. ಲೆನ್ಸಿನ ಕೊರಳಿನ ಬಳೆ ತಿರುಗಿಸಿ ಎಂಟರಲ್ಲಿ ಇಟ್ಟರೆ ಎಂಟರಲ್ಲೇ ಇರುತ್ತಿತ್ತು. ಸಾಯಂಕಾಲ ಬಂದು ನೋಡಿದರೂ ಎಂಟೇ. ಎಸ್ತೇರಳದು ಹಾಗಲ್ಲ. ಕನ್ನಡಿಯಿಲ್ಲದ ಹೊಸ ನಮೂನೆಯ ಕ್ಯಾಮೆರಾ, ತಾನೇ ಫೋಕಸ್ ಮಾಡಿಕೊಳ್ಳುವ ಲೆನ್ಸು. ಯಾರೂ ಮುಟ್ಟದಿದ್ದರೂ ಅದರ ಪುತಲಿ ಟಿಕ್ ಟಿಕ್ ಎಂದು ತಾನಾಗಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

ತೂತು ಕಂಡಲ್ಲಿ ಇಣುಕುವುದು ಚಿಕ್ಕಂದಿನಿಂದ ಬಂದ ರೋಗ. ನೌಬಾದಿನ ಹತ್ತಿರ ನೆಲದಡಿ ಹರಿಯುವ ಹಳೆಯ ಕಾಲದ ನೀರಿನ ಸುರಂಗವಿದೆಯಲ್ಲ, ಅದಕ್ಕೆ ಗಾಳಿ ಬೆಳಕು ಬರಲೆಂದು ಮೇಲಿನಿಂದ ತೋಡಿದ ಬಾವಿಗಳಿವೆ. ಬೀದರಿನ ಕೆಂಪು ಕಲ್ಲಿನ ಮೇಲೆ ಬೋರಲು ಮಲಗಿ ಅದರೊಳಗೆ ನೋಡುತ್ತಿದ್ದೆವು. ಸೂರ್ಯ ನೆತ್ತಿಗೆ ಬಂದಾಗ ಆಳದಲ್ಲಿ ನೀರು ಒಂದು ಗಳಿಗೆ ಹೊಳೆದು ನಮ್ಮನ್ನೇ ನೋಡುತ್ತಿತ್ತು. ಆಮೇಲೆ ಕಪ್ಪು. ಅಂಗಿಯ ಎದೆಯ ಮೇಲೆ ಕೆಮ್ಮಣ್ಣಿನ ಗುರುತು ಮನೆಗೆ ಬಂದು ಚಾಡಿ ಹೇಳುತ್ತಿತ್ತು, ಅವ್ವನ ಕೈ ಬೆನ್ನಿಗೆ ಬೀಳುತ್ತಿತ್ತು.

ಚರ್ಚಿನಲ್ಲಿಯೂ ಅದೇ ಕಥೆ. ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ನಾನೊಬ್ಬ ತೆರೆದು, ಮುಚ್ಚಿದ ಕಣ್ಣುಗಳು ಹೇಗಿರುತ್ತವೆ ಎಂದು ಸಾಲಾಗಿ ನೋಡುತ್ತಿದ್ದೆ. ಬಿಗಿಯಾಗಿ ಮುಚ್ಚಿದವರು, ನಿದ್ದೆಯಲ್ಲಿ ಮುಚ್ಚಿದವರು, ರೆಪ್ಪೆ ಅದುರುವವರು. ಅವ್ವ ಮಾತ್ರ ಒಂದನ್ನು ದೇವರಿಗೆ ಮುಚ್ಚಿ, ಇನ್ನೊಂದನ್ನು ಬಾಗಿಲಾಚೆ ಬಿಟ್ಟ ಹೊಸ ಚಪ್ಪಲಿಗೆ ತೆರೆದಿರುತ್ತಿದ್ದಳು. ನಾವು ಮೆಥಡಿಸ್ಟರು. ಪಾದ್ರಿಯ ಕಿವಿಯಲ್ಲಿ ಪಾಪ ಪಿಸುಗುಟ್ಟಲು ನಮ್ಮಲ್ಲಿ ಮರದ ಗೂಡು ಇಲ್ಲ. ಮಾಡಿದ್ದನ್ನು ಮಾಡಿಸಿಕೊಂಡವರ ಮುಂದೆಯೇ ಹೇಳಬೇಕು. ಅದಕ್ಕೇ ಹೇಳದೆ ಇಷ್ಟು ವರ್ಷ ತಳ್ಳಿದೆ.

ಏನನ್ನು ಎಂದು ಕೇಳುತ್ತೀರಿ. ಲೆನ್ಸು ಮಿಟುಕಿಸುವುದಕ್ಕೆ ಎರಡು ವಾರ ಮೊದಲು ಒಬ್ಬ ಹೆಂಗಸು ನಮ್ಮ ಬೀದರಿನ ಮನೆಗೆ ಬಂದಳು. ಬಿಳಿ ಸೀರೆ, ತೆಳು ಕನ್ನಡಕ, ಕೈಯಲ್ಲಿ ವೃತ್ತಪತ್ರಿಕೆಯಲ್ಲಿ ಸುತ್ತಿದ ಚೌಕಟ್ಟು.

“ಗುರ್ತ್ ಸಿಕ್ತೇನ್ರಿ ಮಾಸ್ತರ್?”

“ದನಿ ಸಿಕ್ತು, ಹೆಸರು ಸಿಗ್ಲಿಲ್ಲ ನೋಡ್ರಿ.”

“ಕಲಾವತಿ. ಟೀಚರ್ ಟ್ರೇನಿಂಗಿಗಿ ನಂಬರ್ ಹತ್ತಿದಾಗ ನಮ್ಮವ್ವನ್ನ ಕರ್ಕೊಂಡು ಭಾಲ್ಕಿಗಿ ನಿಮ್ಮ ಸ್ಟುಡಿಯೋಕ್ಕ ಬಂದಿದ್ದೆ. ಈಗ ರಿಟೈರ್ ಆಗೀನ್ರಿ. ಔರಾದದಾಗೇ ಮನಿ ಮಾಡೀನಿ.”

ಪತ್ರಿಕೆ ಬಿಚ್ಚಿದಳು. ಹಂಸ ಈಜುವ ಕೆರೆಯ ಪರದೆ ನನ್ನದೇ. ಅದರ ಮುಂದೆ ಕುರ್ಚಿಯಲ್ಲಿ ಅವಳ ತಾಯಿ ಗಂಗಾಬಾಯಿ, ಕುರ್ಚಿಯ ಮೇಲೆ ಕೈಯಿಟ್ಟು ನಿಂತ ಎರಡು ಜಡೆಯ ಕಲಾವತಿ. ಪಟ ಮುಕ್ಕಾಲು ಪಾಲು ಬೂಸ್ಟಿನ ಪಾಲಾಗಿತ್ತು. ಹಂಸದ ಕೊರಳು ಹೋಗಿತ್ತು, ಸೀರೆಯ ಅಂಚು ಹೋಗಿತ್ತು. ಬೂಸ್ಟು ಮುಟ್ಟದೆ ಬಿಟ್ಟದ್ದು ಗಂಗಾಬಾಯಿಯ ಎರಡು ಕಣ್ಣು. ಅವು ನನ್ನನ್ನು ನೋಡಲಿಲ್ಲ. ಸ್ವಲ್ಪ ಎಡಕ್ಕೆ ನೋಡುತ್ತಿದ್ದವು.

“ಅವ್ವ ಹೋಗಿ ಬರೋ ಹುಣ್ಣಿಮಿಗಿ ವರ್ಷ ಆಗ್ತದ್ರಿ. ವಿಹಾರದಾಗ ಪುಣ್ಯಾನುಮೋದನ ಇಟ್ಟೀವಿ. ಬುದ್ಧನ ಬಾಜೂಕ ಇಡ್ಲಿಕ್ಕ ದೊಡ್ಡ ಫೋಟೋ ಬೇಕು. ಆಕಿದು ಇದೊಂದೇ ಫೋಟೋ ಅದ.”

“ಒಂದೇ? ಮೊಬೈಲ್‌ದಾಗ ಏನೂ ಇಲ್ಲೇನ್ರಿ?”

“ಮೊಬೈಲ್ ಹಿಡದ್ರ ಸೆರಗು ಮಾರಿ ಮ್ಯಾಲ ಎಳ್ಕೊಂತಿದ್ಳು. ಮದಿವ್ಯಾಗ, ಸಾಲಿ ಫಂಕ್ಷನ್‌ದಾಗ, ಎಲ್ಲಿನೂ ನಿಂತಿಲ್ಲ. ನಿಮ್ಮ ಕ್ಯಾಮೆರಾನೇ ಮೊದ್ಲು, ನಿಮ್ಮದೇ ಕಡಿಗಿ.”

“ಆಧಾರ್ ಕಾರ್ಡಿನಾಗ?”

“ಅದ್ರಾಗ ಯಾರು ಯಾರಂಗ ಕಾಣ್ತಾರ ಬಿಡ್ರಿ!” ಎಂದು ನಕ್ಕಳು. ಮತ್ತೆ ಪಟದ ಕಣ್ಣುಗಳ ಮೇಲೆ ಬೆರಳಿಟ್ಟಳು. “ಇಲ್ಲಿ ನೋಡ್ರಿ, ಹ್ಯಾಂಗ ಅಂಜದೇ ನೋಡ್ಲಾಕತ್ತಾಳ. ಜಲ್ಮದಾಗ ಒಮ್ಮೆ. ಇದರ ನೆಗೆಟಿವ್ ಇಟ್ಟೀರೇನ್ರಿ?”

“ನೋಡೋಣು ತೊಗೋರಿ ಬಾಯಾರ. ಹುಡಕ್ತೇನಿ,” ಎಂದೆ.

ಹುಡುಕುವ ಅಗತ್ಯವೇ ಇರಲಿಲ್ಲ. ಅಂಗಡಿ ಮುಚ್ಚಿದಾಗ ನೆಗೆಟಿವ್‌ಗಳನ್ನೆಲ್ಲ ಬಿಸ್ಕಿಟಿನ ತಗಡಿನ ಡಬ್ಬಗಳಲ್ಲಿ ತುಂಬಿ ತಂದಿದ್ದೆ. ಗಂಗಾಬಾಯಿಯ ಲಕೋಟೆ ಯಾವ ಡಬ್ಬದಲ್ಲಿ, ಯಾವುದರ ಕೆಳಗೆ ಇದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೂ ಒಂದು ವಾರ ಆ ಡಬ್ಬ ಮುಟ್ಟಲಿಲ್ಲ. ಮಂಡಿ ನೋವು ಎಂದೆ. ಮಂಡಿಗೂ ಡಬ್ಬಕ್ಕೂ ಏನು ಸಂಬಂಧ ಎಂದು ಎಸ್ತೇರ ಕೇಳಿ, ತಾನೇ ಇಳಿಸಿದಳು.

ಎಸ್ತೇರ ಬೀದರಿನ ಪಕ್ಕದ ಕೊಳಾರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಔಷಧದ ಫ್ಯಾಕ್ಟರಿಯಲ್ಲಿ ಇದ್ದಾಳೆ. ಮಾತ್ರೆಯ ಪಟ್ಟಿಗಳು ಬೆಳಕಿನ ಹಲಗೆಯ ಮೇಲೆ ಸಾಗಿ ಬರುವಾಗ ಒಡೆದ ಮಾತ್ರೆ, ಖಾಲಿ ಗುಳಿ ಕಂಡುಹಿಡಿಯುವುದು ಅವಳ ಕೆಲಸ. ಅಂಥವಳ ಕೈಗೆ ನನ್ನ ನೆಗೆಟಿವ್ ಸಿಕ್ಕಿತು ಎಂದರೆ ನೀವೇ ಊಹಿಸಿ. ಭಾನುವಾರ ಆರಾಧನೆ ಮುಗಿಸಿ ಬಂದು ಊಟವಾದ ಮೇಲೆ ಮೇಜಿನ ಮೇಲೆ ಬಿಳಿ ಬೆಳಕಿನ ಹಲಗೆ ಇಟ್ಟಳು. ಅದರ ಮೇಲೆ ನೆಗೆಟಿವ್, ಅದರ ಮೇಲೆ ಕೆಳಮುಖವಾಗಿ ಕ್ಯಾಮೆರಾ. ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಒಂದು ವೈರು. ನೆಗೆಟಿವಿನ ಕಪ್ಪು ಬಿಳಿ ಅದರಲ್ಲಿ ಸರಿಯಾಗಿ ತಿರುಗಿ ಕಾಣುತ್ತದೆ. ಕತ್ತಲೆ ಕೋಣೆ ಇಲ್ಲ, ರಾಸಾಯನಿಕದ ವಾಸನೆ ಇಲ್ಲ. ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ಮಂಡಿ ತಿಕ್ಕುತ್ತಿದ್ದೆ.

“ಮುತ್ಯಾ, ಈ ಅವ್ವ ಕಣ್ಣು ಮುಚ್ಚ್ಯಾಳಲ್ಲ!”

ನನ್ನ ಕೈ ಮಂಡಿಯ ಮೇಲೇ ನಿಂತಿತು. “ಸರಿಯಾಗಿ ನೋಡು. ತೆರದಾವ.”

“ಇಲ್ಲೋ ಮುತ್ಯಾ, ಮುಚ್ಚ್ಯಾವ. ರೆಪ್ಪಿ ಕೂದ್ಲ ಸುದ್ದಾ ಕಾಣ್ತಾವ.” ಹೇಳುತ್ತ ಗುಂಡಿ ಒತ್ತಿದಳು. ಟಿಕ್, ಟಿಕ್. ಚಿತ್ರ ಬಂತು. ಗಂಗಾಬಾಯಿ ಎರಡೂ ಕಣ್ಣು ಅರಳಿಸಿ ಎಡಕ್ಕೆ ನೋಡುತ್ತಿದ್ದಳು.

“ಅಯ್ಯ, ತೆರದಳು!” ಎಸ್ತೇರ ಕುರ್ಚಿ ಹಿಂದಕ್ಕೆ ಸರಿಸಿದಳು. ಮತ್ತೆ ಗುಂಡಿಯನ್ನು ಅರ್ಧ ಒತ್ತಿದಳು. ಪರದೆಯಲ್ಲಿ ಕಣ್ಣು ಮುಚ್ಚಿತು. ಪೂರ್ತಿ ಒತ್ತಿದಳು. ಚಿತ್ರದಲ್ಲಿ ತೆರೆಯಿತು. ಮತ್ತೊಮ್ಮೆ. ಮಗದೊಮ್ಮೆ. “ಹಿಡಿಯೋತನಕ ಮುಚ್ಕೊಂಡಿರ್ತಾಳ, ಹಿಡದ ಮ್ಯಾಲ ತೆರೀತಾಳ. ಮುತ್ಯಾ, ಲೆನ್ಸಿಗಿ ಹುಚ್ಚ ಹಿಡದದೋ, ನಿನ್ನ ಗಿರಾಕಿಗಿ ಹಿಡದದೋ?”

ಹೆದರಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಹಳೆಯ ಚಟ ಎದ್ದು ಕೂತಿತು. ಆ ಕಣ್ಣುಗಳು ಮುಚ್ಚಿದ್ದವು ಎಂದು ಈ ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ. ಈ ಲೆನ್ಸಿಗೆ ಹೇಗೆ ಗೊತ್ತಾಯಿತು? ಎದ್ದು ಹೋಗಿ ಕ್ಯಾಮೆರಾ ಬಿಚ್ಚಿಸಿ, ಎರಡು ಕೈಯಲ್ಲಿ ಹಿಡಿದು ಮುಂದಿನಿಂದ ಇಣುಕಿದೆ. ಆಗಲೇ ಅದು ಮಿಟುಕಿಸಿದ್ದು.

ಆ ಮಧ್ಯಾಹ್ನವೆಲ್ಲ ನಾವಿಬ್ಬರೂ ಸಾಲೆ ಮಕ್ಕಳಂತೆ ಆಡಿದೆವು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ನಾನು ಬರೆದುಕೊಂಡೆ. ನಂಬರ್ ಎಂಟರಲ್ಲಿ ಇಟ್ಟು ಲೆನ್ಸನ್ನು ಕಿಟಕಿಯ ಬಿಸಿಲಿಗೆ ಹಿಡಿದರೆ ಪುತಲಿ ಬೇಳೆಯಷ್ಟಾಯಿತು. ಕಪಾಟಿನ ಕತ್ತಲೆಗೆ ತಿರುಗಿಸಿದರೆ ಕವಡೆಯಷ್ಟಾಯಿತು. ನಂಬರ್ ಮಾತ್ರ ಎಂಟೇ. ಗುಂಡಿಯನ್ನು ಅರ್ಧ ಒತ್ತಿದಾಗ ಎಸಳುಗಳೆಲ್ಲ ಗೋಡೆಗೆ ಸರಿದು ಪುತಲಿ ಬಾಯಿ ಬಿಟ್ಟಂತೆ ತೆರೆಯಿತು. ಪೂರ್ತಿ ಒತ್ತಿದ ಕ್ಷಣದಲ್ಲಿ ಮಾತ್ರ ಎಂಟಕ್ಕೆ ಕುಗ್ಗಿ, ಚಿತ್ರ ಹಿಡಿದು, ಮತ್ತೆ ತೆರೆಯಿತು. ಸ್ವಿಚ್ ಆರಿಸಿದರೆ ಸಣ್ಣದಾಗಿ ಮುಚ್ಚಿಕೊಂಡು ಮಲಗಿತು. ಹತ್ತನೇ ಕ್ಲಾಸನ್ನು ಎರಡನೇ ಸಲಕ್ಕೆ ದಾಟಿದವನು ನಾನು. ವಿಜ್ಞಾನದ ಮಾಸ್ತರರು ನನ್ನ ಪ್ರಯೋಗದ ವಹಿಯ ಮೇಲೆ ‘ನೋಡಿದ್ದನ್ನು ಬರಿ, ಕೇಳಿದ್ದನ್ನಲ್ಲ’ ಎಂದು ಕೆಂಪು ಮಸಿಯಲ್ಲಿ ಗೀಚಿದ್ದರು. ಅವರು ಈ ಕ್ಯಾಲೆಂಡರ್ ಹಾಳೆ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರೇನೋ.

ಎಸ್ತೇರಳಿಗೆ ಚಿಂತೆ. ಕ್ಯಾಮೆರಾ ಯಾರೋ ಬಳಸಿ ಬಿಟ್ಟದ್ದು. ಕೆಟ್ಟದ್ದನ್ನೇ ಅವಳ ತಲೆಗೆ ಕಟ್ಟಿದ್ದಾರೆ ಎಂಬ ಅನುಮಾನ. ಮರುದಿನ ಆಟೋ ಹಿಡಿದು ಹಳೆಯ ಊರಿನೊಳಗೆ ಖಲೀಲ ಭಾಯಿಯ ಅಂಗಡಿಗೆ ಒಯ್ದೆ. ಗಡಿಯಾರ, ರೇಡಿಯೋ, ಕ್ಯಾಮೆರಾ ಎಲ್ಲವನ್ನೂ ಒಂದೇ ಸ್ಕ್ರೂ ಡ್ರೈವರಿನಿಂದ ಬಿಚ್ಚುವ ಮನುಷ್ಯ. ನನಗಿಂತ ಎರಡು ವರ್ಷ ಚಿಕ್ಕವನು. ನನ್ನ ಹಾಳೆ ಓದಿ, ಲೆನ್ಸನ್ನು ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿ, ನಕ್ಕ.

“ಖರಾಬ್ ಆಗಿಲ್ಲ ಮಾಸ್ತರ್. ಅಕಲ್ ಬಂದದ ಇದಕ್ಕ.”

“ಅಂದ್ರ?”

“ನೋಡೋ ಮುಂದ ಪುತಲಿ ಪೂರಾ ಬಿಚ್ಚತದ, ಬೆಳಕು ಜಾಸ್ತಿ ಒಳಗ ತೊಗೊಂಡು ಸರಿಯಾಗಿ ಫೋಕಸ್ ಮಾಡ್ತದ. ಹಿಡಿಯೋ ಮುಂದ ನೀವು ಹೇಳಿದಷ್ಟೇ ಮುಚ್ಚತದ. ಬಿಸಿಲು ಕಂಡ್ರ ತಾನೇ ಸಣ್ಣ ಆಗ್ತದ. ನಿಮ್ಮ ಕಣ್ಣು ಮಾಡಂಗಿಲ್ಲೇನು? ನಿಮ್ಮ ಆ ಡಬಲ್ ಕಣ್ಣಿನ ಡಬ್ಬಿ ಕ್ಯಾಮೆರಾದಾಗ ಮ್ಯಾಲಿನ ಲೆನ್ಸು ನೋಡ್ಲಿಕ್ಕ, ತೆಳಗಿಂದು ಹಿಡಿಲಿಕ್ಕ ಇತ್ತು. ಇದಕ್ಕ ಒಂದೇ ಕಣ್ಣು. ಪಾಪ, ಎರಡೂ ಕೆಲಸ ಅದೇ ಮಾಡಬೇಕು.”

ಚಹಾ ತರಿಸಿದ. ಕುಡಿಯುವಾಗ ಸುಮ್ಮನೆ ಅಂದ: “ಪೂರಾ ಬಿಚ್ಚಿದಾಗ ಒಂದೇ ಪದರು ಸಾಫ್ ಕಾಣ್ತದ. ಮುಚ್ಚಿದ್ರ ಹಿಂದಿಂದು ಮುಂದಿಂದು ಎಲ್ಲಾ ಕೂಡೇ ಸಾಫ್. ಅದು ನಿಮಗ ನಾ ಕಲಿಸ್ಬೇಕೇನು?”

ಕಲಿಸಬೇಕಿರಲಿಲ್ಲ. ಆದರೂ ಚಹಾದ ಲೋಟ ಕೆಳಗಿಟ್ಟೆ. ಫಿಲ್ಮು ಎಷ್ಟು ತೆಳು ಎಂದು ನಿಮಗೆ ಗೊತ್ತು. ಅದಕ್ಕೂ ಎರಡು ಬದಿ. ಮಂಕಾದ ಬದಿಯಲ್ಲಿ ಚಿತ್ರ, ಹೊಳೆಯುವ ಬದಿಯಲ್ಲಿ ನಾನು ಪೆನ್ಸಿಲಿನಿಂದ ಬರೆದ ಕಣ್ಣು. ಪುತಲಿ ಕುಗ್ಗಿದಾಗ ಎರಡೂ ಬದಿ ಒಂದೇ ಸಮ ಸ್ಪಷ್ಟವಾಗಿ, ಒಂದೇ ಮುಖವಾಗಿ ಕಾಣುತ್ತಿದ್ದವು. ಪುತಲಿ ಪೂರ್ತಿ ತೆರೆದು ಚಿತ್ರದ ಬದಿಯ ಮೇಲೆ ನಿಂತಾಗ, ನನ್ನ ಪೆನ್ಸಿಲು ಹೊಗೆಯಂತೆ ಕರಗಿ ಹೋಗುತ್ತಿತ್ತು. ಅದರ ಕೆಳಗೆ ನಲವತ್ತು ವರ್ಷದಿಂದ ಮುಚ್ಚಿಕೊಂಡೇ ಇದ್ದ ಗಂಗಾಬಾಯಿಯ ರೆಪ್ಪೆ.

ಮನೆಗೆ ಬಂದಾಗ ಎಸ್ತೇರ ಫ್ಯಾಕ್ಟರಿಯಿಂದ ಬಂದು, ನೆಗೆಟಿವನ್ನು ಬೆಳಕಿನ ಹಲಗೆಯ ಮೇಲೆ ಓರೆಯಾಗಿ ಹಿಡಿದು ನೋಡುತ್ತ ಕುಳಿತಿದ್ದಳು.

“ಮುತ್ಯಾ, ಇದ್ರ ಮ್ಯಾಲ ಪೆನ್ಸಿಲ್ ಯಾರ್ ಹಚ್ಚ್ಯಾರ?”

“ನಾನೇ.”

“ಈ ಎರಡು ತೂತು?”

“ಅವೂ ನಾನೇ. ಸೂಜಿಲಿಂದ.”

ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅವತ್ತು ಸಂತೆಯ ದಿನ. ಗಂಗಾಬಾಯಿ ಹಳ್ಳಿಯಿಂದ ಮಗಳ ಜೊತೆ ಬಂದಿದ್ದಳು. ಅವರ ಮನೆತನದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಮೊದಲ ಹೆಂಗಸು. ಕುರ್ಚಿಯ ತುದಿಯಲ್ಲಿ ಕುಳಿತು, “ನಾ ನೆಲದ ಮ್ಯಾಲ ಕೂಡ್ಲೇನ್ರಿ?” ಎಂದು ಕೇಳಿದಳು. “ಕುರ್ಚಿ ಮ್ಯಾಲೇ ಕೂಡವ್ವಾ,” ಎಂದೆ. ಫ್ಲ್ಯಾಶು ಮಿಂಚಿದಾಗ ಕಣ್ಣು ಮುಚ್ಚಿದಳು. ನನಗೆ ಕಂಡಿತು. ಸ್ಟುಡಿಯೋದವನಿಗೆ ಕಾಣದಿರುತ್ತದೆಯೇ? ಇನ್ನೊಂದು ತೆಗೆಯಲೆಂದು ಫಿಲ್ಮು ಸುತ್ತುವಷ್ಟರಲ್ಲಿ ಹೊರಗೆ ಜೀಪು ನಿಂತಿತು. ಊರಿನ ದೊಡ್ಡ ಸಾಹುಕಾರರ ಮನೆಯ ಮದುವೆ ಮಂದಿ, ಮದುಮಗಳು, ಅತ್ತರಿನ ವಾಸನೆ, ಬಾಗಿಲಲ್ಲಿ ಗದ್ದಲ. “ಇನ್ನಾ ಎಷ್ಟೊತ್ತೋ?” ಎಂದು ಒಬ್ಬರು ಕೂಗಿದರು. ಅವರು ಒಳಗೆ ಬಂದು ಆ ಕುರ್ಚಿಯಲ್ಲಿ ಗಂಗಾಬಾಯಿ ಕುಳಿತದ್ದನ್ನು ನೋಡುವ ಮೊದಲು ಅವಳನ್ನು ಎಬ್ಬಿಸಬೇಕು ಎಂದು ನನ್ನ ಜೀವ ಹಾರಿತು.

ಅವರ ಕೇರಿ ಯಾವುದೋ ನಮ್ಮ ಮುತ್ತಜ್ಜನ ಕೇರಿಯೂ ಅದೇ. ಅವರು ಬುದ್ಧನ ಕಡೆ ಹೋದರು, ನಾವು ಅದಕ್ಕೂ ಮೊದಲು ಯೇಸುವಿನ ಕಡೆ ಬಂದೆವು. ಆ ಕುರ್ಚಿಯಲ್ಲಿ ಅವಳು ಇನ್ನೆರಡು ನಿಮಿಷ ಕೂರಬಹುದು ಎಂದು ಹೇಳಬೇಕಾದವನು ಯಾರಾದರೂ ಇದ್ದರೆ ಅದು ನಾನೇ.

ನಮ್ಮ ಕಸುಬಿನಲ್ಲಿ ಖಾಲಿ ಫ್ಲ್ಯಾಶು ಎಂಬ ಒಂದು ಯುಕ್ತಿ ಇತ್ತು. ಅಳುವ ಕೂಸಿಗೆ, ಹಟ ಮಾಡುವ ಮುದುಕರಿಗೆ, ಕ್ಯಾಮೆರಾ ಒತ್ತದೆ ಫ್ಲ್ಯಾಶನ್ನಷ್ಟೇ ಮಿಂಚಿಸಿ ಆಯಿತು ಎಂದು ಏಳಿಸುವುದು. ಗಂಗಾಬಾಯಿಗೆ ಅದನ್ನು ಮಾಡಿದೆ. “ಈ ಸಲ ಛಲೋ ಬಂತು ಅವ್ವಾ, ಏಳು.” ಅವಳು ಆ ಸಲ ಕಣ್ಣು ಅಗಲ ಬಿಟ್ಟು ನೋಡಿದಳೆಂದು ಆಮೇಲೆ ಮಗಳು ಅಂದಳು. ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಕಣ್ಣು ಬರೆಯುವುದು ಉಸ್ತಾದರು ಕಲಿಸಿದ ವಿದ್ಯೆ. ನೆಗೆಟಿವಿನಲ್ಲಿ ಎಲ್ಲವೂ ಉಲ್ಟಾ. ಬಿಳಿ ಬೇಕಾದಲ್ಲಿ ಪೆನ್ಸಿಲಿನ ಕಪ್ಪು ಹಚ್ಚಬೇಕು, ಕಪ್ಪು ಬೇಕಾದಲ್ಲಿ ಸೂಜಿಯಿಂದ ಕೆರೆಯಬೇಕು. ಉಸ್ತಾದರು ಒಂದೇ ಜೊತೆ ಕಣ್ಣು ಕಲಿಸಿದ್ದರು. ಬಾದಾಮಿಯಂಥವು, ಎರಡೂ ಸರಿಸಮ, ಅವರ ಮೇಜಿನ ಎಡಕ್ಕಿದ್ದ ಕಿಟಕಿಯ ಕಡೆ ನೋಡುವಂಥವು. ನಾನು ಅದೇ ಜೊತೆಯನ್ನು ಕಣ್ಣು ಮುಚ್ಚಿದವರಿಗೆಲ್ಲ ಹಂಚಿದೆ. ಒಮ್ಮೆ ಯಾರದೋ ಮನೆಗೆ ಊಟಕ್ಕೆ ಹೋದಾಗ ಗೋಡೆಯ ಮೇಲೆ ಅಜ್ಜ, ಅಜ್ಜಿ, ಅಜ್ಜಿಯ ತಮ್ಮ ಮೂವರೂ ಅದೇ ಕಣ್ಣಿನಿಂದ ಎಡಗಡೆಯ ಗಡಿಯಾರವನ್ನು ನೋಡುತ್ತಿದ್ದರು. “ನಮ್ಮ ಮನಿತನದ ಕಣ್ಣೇ ಹಂಗ್ರಿ ಮಾಸ್ತರ್,” ಎಂದು ಆ ಮನೆಯವರು ಹೆಮ್ಮೆಪಟ್ಟರು. ನಾನು ಹೌದೆಂದು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡೆ.

ಗಂಗಾಬಾಯಿ ಮಾತ್ರ ಹೆಮ್ಮೆಪಡಲಿಲ್ಲ. ಮರುವಾರ ಪಟ ಒಯ್ಯಲು ಬಂದು, ಬಾಗಿಲ ಬೆಳಕಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅವರ ಮನೆಯಲ್ಲಿ ಮರಾಠಿಯೂ ನಡೆಯುತ್ತಿತ್ತು. “ಹೇ ಮಾಝೆ ಡೋಳೆ ನಾಹೀತ,” ಎಂದಳು. ಇವು ನನ್ನ ಕಣ್ಣಲ್ಲ. ಮಗಳು ಕಲಾವತಿ ಮುಜುಗರದಿಂದ ನನ್ನ ಕಡೆ ನೋಡಿದಳು. ನಾನು ಏನೆಂದೆ ಗೊತ್ತೇ?

“ಅವ್ವಾ, ಮಂದಿ ಸುಳ್ಳು ಹೇಳ್ತಾರ. ಫೋಟೋ ಸುಳ್ಳು ಹೇಳಂಗಿಲ್ಲ.”

ಓದಿದ ಮಗಳು ನಕ್ಕಳು. ಓದದ ತಾಯಿ ಸುಮ್ಮನಾದಳು.

ಎಸ್ತೇರ ಎಲ್ಲವನ್ನೂ ಕೇಳಿ ಬೆಳಕಿನ ಹಲಗೆ ಆರಿಸಿದಳು.

“ಈಗ ಏನ್ ಮಾಡ್ತಿ?”

“ತೆರದ ಕಣ್ಣಿಂದೇ ದೊಡ್ಡದು ಮಾಡಿ ಕೊಟ್ರ ಆ ಬಾಯಾರ ಖುಷಿ ಆಗ್ತಾರ,” ಎಂದೆ. ಹೌದು, ಹಾಗೆಂದೆ. ಅಲ್ಲಿಯವರೆಗೆ ಬಂದು ನಿಂತ ಮೇಲೂ. “ತಾಯಿ ಅಂಜದೇ ನೋಡ್ಯಾಳ ಅಂತ ಆಕಿ ನಂಬ್ಯಾಳ. ಅದನ್ನ ಕಸಗೊಂಡು ನನಗೇನು ಸಿಗ್ತದ?”

“ನಮ್ಮ ಫ್ಯಾಕ್ಟರಿದಾಗ ಒಂದು ಗುಳಿ ಖಾಲಿ ಕಂಡ್ರ ಇಡೀ ಪಟ್ಟಿ ತೆಗದು ಒಗಿತೀವಿ ಮುತ್ಯಾ. ಮ್ಯಾಲಿನ ಹಾಳಿ ಚಂದ ಹೊಳಿತದ ಅಂತ ಕಳಸಂಗಿಲ್ಲ.”

ಎರಡು ಪ್ರತಿ ಮಾಡಿದಳು. ಒಂದನ್ನು ಪುತಲಿ ಎಂಟಕ್ಕೆ ಕುಗ್ಗಿಸಿ, ಇನ್ನೊಂದನ್ನು ಪೂರ್ತಿ ತೆರೆದಿಟ್ಟು. ಎರಡನೆಯದರಲ್ಲಿ ಗಂಗಾಬಾಯಿ ಕಣ್ಣು ಮುಚ್ಚಿ ಕುಳಿತಿದ್ದಳು. ಪ್ರತಿ ರೆಪ್ಪೆಯ ಮೇಲೂ ಸೂಜಿ ಚುಚ್ಚಿದ ಒಂದೊಂದು ಕಪ್ಪು ಚುಕ್ಕಿ. ಪೆನ್ಸಿಲು ಬೆಳಕಿಗೆ ಕರಗಿತು, ಸೂಜಿ ಕರಗಲಿಲ್ಲ. ಅದು ಚಿತ್ರದ ಬದಿಯಲ್ಲೇ ಚುಚ್ಚಿದ್ದು.

“ಚುಕ್ಕಿ ಕಂಪ್ಯೂಟರಿನಾಗ ತುಂಬಲೇನು?” ಎಂದು ಕೇಳಿದಳು.

“ಬ್ಯಾಡ,” ಎಂದೆ. ಇನ್ನೊಮ್ಮೆ ಆ ಮುಖವನ್ನು ತಿದ್ದುವ ಧೈರ್ಯ ನನಗಿರಲಿಲ್ಲ.

ಔರಾದಕ್ಕೆ ರೈಲಿಲ್ಲ, ಬಸ್ಸೇ ಗತಿ. ದಾರಿಯುದ್ದಕ್ಕೂ ಲಕೋಟೆ ತೊಡೆಯ ಮೇಲಿತ್ತು. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ, ಪ್ರತಿ ಸ್ಟಾಪಿನಲ್ಲೂ ಒಂದೊಂದು ವಾಕ್ಯ ಇಳಿದು ಹೋಯಿತು. ಕಲಾವತಿ ಬಾಯಿ ಮಂಡಕ್ಕಿಯ ಸುಸ್ಲಾ ಮಾಡಿಟ್ಟಿದ್ದಳು. ತಟ್ಟೆ ಮುಟ್ಟುವ ಮೊದಲೇ ಲಕೋಟೆ ತೆರೆದು ಎರಡೂ ಪಟಗಳನ್ನು ಮಂಚದ ಮೇಲೆ ಇಟ್ಟೆ. ಜೀಪು, ಮದುವೆ ಮಂದಿ, ಖಾಲಿ ಫ್ಲ್ಯಾಶು, ಪೆನ್ಸಿಲು, ಸೂಜಿ ಎಲ್ಲ ಹೇಳಿದೆ. ಕ್ರಮ ತಪ್ಪಿತು. ಸೂಜಿ ಮೊದಲು ಬಂತು, ಜೀಪು ಕೊನೆಗೆ.

ಅವಳು ಮುಚ್ಚಿದ ಕಣ್ಣಿನ ಪಟವನ್ನು ಎತ್ತಿಕೊಂಡಳು. ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು.

“ಹೇ ಮಾಝೆ ಡೋಳೆ ನಾಹೀತ,” ಎಂದಳು ಮೆಲ್ಲಗೆ. “ಸಾಯೋತನಕ ಅಂದಳ್ರಿ ಮಾಸ್ತರ್. ಗೋಡಿ ಮ್ಯಾಲಿನ ಫೋಟೋ ಒರಸೋವಾಗೆಲ್ಲಾ ಅಂತಿದ್ಳು. ನಾ ಏನಂತಿದ್ದೆ? ಅವ್ವಾ, ಫೋಟೋ ಸುಳ್ಳು ಹೇಳಂಗಿಲ್ಲ. ನಿಮ್ಮ ಮಾತೇ. ಮಕ್ಕಳು ನಗತಿದ್ವು, ಮುದುಕಿಗಿ ತನ್ನ ಮಾರಿನೇ ಗುರ್ತ್ ಸಿಗಂಗಿಲ್ಲಂತ. ಕಡಿಗಿ ಕಡಿಗಿ ಡಾಕ್ಟರ್ ಮುಂದ ಸುದ್ದಾ ಹೇಳೀನಿ, ನಮ್ಮವ್ವಗ ಅರಳು ಮರಳು, ತನ್ನ ಫೋಟೋನೇ ತಂದಲ್ಲಂತಾಳ ಅಂತ.”

ನಾನು ತೆರೆದ ಕಣ್ಣಿನ ಪಟವನ್ನು ಮಗುಚಿಟ್ಟೆ.

“ಆಕಿ ಖರೇ ಹೇಳ್ತಿದ್ಳು,” ಎಂದಳು. ಆಮೇಲೆ ನನ್ನನ್ನೇ ನೋಡುತ್ತ, ಪಾಠದ ಪ್ರಶ್ನೆ ಕೇಳುವ ದನಿಯಲ್ಲಿ ಕೇಳಿದಳು. “ಆಕಿ ಕಣ್ಣು ಹ್ಯಾಂಗಿದ್ವು, ನಿಮಗ ನೆನಪದ ಏನ್ರಿ?”

ಏನಾದರೂ ಹೇಳಬಹುದಿತ್ತು. ಒಂದು ಜೊತೆ ಕಣ್ಣು ಬಾಯಲ್ಲಿಯೂ ಬರೆಯಬಹುದಿತ್ತು.

“ಇಲ್ರಿ ಬಾಯಾರ. ನಾ ನೋಡಿರ್ಲಿಲ್ಲ.”

“ಎಡಗಣ್ಣು ಸಣ್ಣದಿತ್ತು. ಹೊಲದಾಗ ಬಿಸಿಲಿಗಿ ಕಣ್ಣು ಸಣ್ಣ ಮಾಡಿ ಮಾಡಿ, ನೆಳ್ಳಿಗಿ ಬಂದ್ರೂ ಅದು ಪೂರಾ ತೆರೀತಿರ್ಲಿಲ್ಲ. ನಗುವಾಗ ಅದೊಂದೇ ಮುಚ್ಚಿ ಬಿಡ್ತಿತ್ತು. ಯಾರ್ನೋ ಚೇಷ್ಟಿ ಮಾಡಿದಂಗ ಕಾಣ್ತಿತ್ತು.” ಮುಚ್ಚಿದ ಕಣ್ಣಿನ ಪಟವನ್ನು ಎದೆಗೆ ಒತ್ತಿಕೊಂಡಳು. “ಇದೇ ಇಡ್ತೀನಿ. ಮುಚ್ಚ್ಯಾವ ಖರೇ. ಆದ್ರ ಆಕಿವೇ.”

“ಆ ಚುಕ್ಕಿ?”

“ಇರ್ಲಿ. ಯಾರು ಕೇಳಿದ್ರೂ ಏನು ಹೇಳ್ಬೇಕಂತ ನೀವೇ ಹುಣ್ಣಿಮಿಗಿ ಬಂದು ಹೇಳ್ರಿ. ಎಲ್ಲಾರ ಮುಂದ. ಆಕಿ ಎಲ್ಲಾರ ಮುಂದೇ ಸುಳ್ಳಿ ಆಗ್ಯಾಳ.” ತಟ್ಟೆಯನ್ನು ನನ್ನ ಕಡೆ ಸರಿಸಿದಳು. “ಈಗ ಸುಸ್ಲಾ ತಿನ್ರಿ. ಆರ್ತದ.”

ಹುಣ್ಣಿಮೆಯ ಬೆಳಿಗ್ಗೆ ಎಸ್ತೇರಳ ಜೊತೆ ಹೋದೆ. ವಿಹಾರದಲ್ಲಿ ಚಾಪೆಯ ಮೇಲೆ ಮೂರು ತಲೆಮಾರಿನ ಮಂದಿ. ಬುದ್ಧನ ಪಕ್ಕದಲ್ಲಿ ಹೂವಿನ ನಡುವೆ ಗಂಗಾಬಾಯಿ, ಕಣ್ಣು ಮುಚ್ಚಿ. ಅಲ್ಲಿ ಅವಳ ಮುಚ್ಚಿದ ಕಣ್ಣು ಯಾರಿಗೂ ಕೊರತೆಯಾಗಿ ಕಾಣಲಿಲ್ಲ. ಪಕ್ಕದ ಮೂರ್ತಿಯ ಕಣ್ಣೂ ಅರ್ಧ ಮುಚ್ಚಿಯೇ ಇತ್ತು. ತ್ರಿಶರಣ ಮುಗಿದ ಮೇಲೆ ಕಲಾವತಿ ಬಾಯಿ ನನ್ನ ಹೆಸರು ಹೇಳಿದಳು. ಎದ್ದು ನಿಂತು ಹೇಳಿದೆ. ಈ ಸಲ ಜೀಪು ಮೊದಲು ಬಂತು. ಹೇಳುವಾಗ ಎಸ್ತೇರ ಎದುರಿಗೆ ಕುಳಿತು ನನ್ನ ಮೇಲೆ ಕ್ಯಾಮೆರಾ ಹಿಡಿದಿದ್ದಳು. ಚಟ ಬಿಡುವುದಿಲ್ಲವಲ್ಲ, ಮಾತಿನ ನಡುವೆಯೂ ನಾನು ಲೆನ್ಸಿನೊಳಗೆ ನೋಡಿದೆ. ಪುತಲಿ ಪೂರ್ತಿ ತೆರೆದಿತ್ತು.

ಮುಗಿದ ಮೇಲೆ ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಗಂಗಾಬಾಯಿಯ ಮೊಮ್ಮಗನೊಬ್ಬ, ತಲೆ ನರೆಯುತ್ತಿದ್ದವನು, ಎದ್ದು ಹೋಗಿ ಪಟದ ಮುಂದೆ ಮಂಡಿಯೂರಿ, “ನಕ್ಕಿದ್ದು ತಪ್ಪಾಯ್ತು ಆಯಿ,” ಎಂದ. ಅವನ ಹಿಂದೆ ಒಬ್ಬೊಬ್ಬರಾಗಿ ಎದ್ದರು.

ಊಟಕ್ಕೆ ಕುಳಿತಾಗ ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬರು ಬಂದು ಕುಳಿತರು. ಬಹಳ ಹೊತ್ತು ಅನ್ನ ಕಲಸುತ್ತಿದ್ದರು.

“ಮಾಸ್ತರ್, ನಮ್ಮಪ್ಪಂದು ಒಂದು ಫೋಟೋ ಅದರಿ. ನಿಮ್ಮ ಸ್ಟುಡಿಯೋದ್ದೇ. ನಾ ಹುಟ್ಟೋಕ ಮೊದ್ಲೇ ಹೋದ. ಅವನ್ನ ನೋಡಿಲ್ಲ, ಫೋಟೋನೇ ನೋಡೀನಿ. ದಿನಾ ನೋಡ್ತೀನಿ.” ತುತ್ತು ಎತ್ತಿ ಮತ್ತೆ ಕೆಳಗಿಟ್ಟರು. “ಎಡಕ್ಕ ನೋಡ್ತಾನ್ರಿ. ಅವು ಅವನ ಕಣ್ಣೇ ಹೌದಿಲ್ಲೋ?”

ಆ ಲೆಕ್ಕ ಸರಿಹೊಂದುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ನನ್ನಷ್ಟೇ ವಯಸ್ಸಿನವರು ಹುಟ್ಟುವ ಮೊದಲೇ ತೀರಿಹೋದವರ ಮುಖ ನನ್ನ ಡಬ್ಬದಲ್ಲಿ ಹೇಗೆ ಬಂತು? ಊರೂರಿನಿಂದ ಹಳೆಯ ಹರಿದ ಪಟಗಳನ್ನು ತರುತ್ತಿದ್ದರು, ಅದರ ಮೇಲೆ ಮತ್ತೊಂದು ಫೋಟೋ ತೆಗೆದು, ಹೋದ ಮೂಗನ್ನೂ ಹೋದ ಕಣ್ಣನ್ನೂ ತುಂಬಿ ಕೊಡುತ್ತಿದ್ದೆ. ಅವರಪ್ಪನದು ಅಂಥದ್ದೋ ಅಲ್ಲವೋ ನೆನಪಿಲ್ಲ. “ನೋಡಿ ಹೇಳ್ತೇನ್ರಿ,” ಎಂದೆ. ಕಲಾವತಿ ಬಾಯಿಗೂ ಮೊದಲು ಇಂಥದ್ದನ್ನೇ ಅಂದಿದ್ದೆ. ಈ ಸಲ ಮನೆಗೆ ಬಂದವನೇ ಡಬ್ಬ ಇಳಿಸಿದೆ, ಮಂಡಿ ನೋವು ಇದ್ದೇ ಇತ್ತು.

ಈಗ ಭಾನುವಾರ ಆರಾಧನೆ ಮುಗಿದ ಮೇಲೆ ನಾನೂ ಎಸ್ತೇರಳೂ ಬೆಳಕಿನ ಹಲಗೆ ಹಚ್ಚಿ ಕೂರುತ್ತೇವೆ. ನೀವು ಭಾಲ್ಕಿ, ಔರಾದ ಕಡೆಯವರಾದರೆ ಇದನ್ನು ಕೆಳಗಿಟ್ಟು ಒಮ್ಮೆ ಗೋಡೆ ನೋಡಿ. ಹಂಸದ ಪರದೆಯ ಮುಂದೆ ನಿಮ್ಮವರು ಯಾರಾದರೂ ಬಾದಾಮಿಯಂಥ ಸರಿಸಮ ಕಣ್ಣಿನಿಂದ ಸ್ವಲ್ಪ ಎಡಕ್ಕೆ ನೋಡುತ್ತಿದ್ದರೆ, ಆ ಪಟವನ್ನು ತೆಗೆದುಕೊಂಡು ಬನ್ನಿ. ಮನೆಯಲ್ಲಿ ಯಾರಾದರೂ ಹಿರಿಯರು ಅದನ್ನು ನೋಡಿ ಇದು ಅವರ ಕಣ್ಣಲ್ಲ ಎಂದಿದ್ದರೆ, ದಯವಿಟ್ಟು ನಗಬೇಡಿ. ಅವರನ್ನೂ ಕರೆದುಕೊಂಡು ಬನ್ನಿ.